ಕೇಬಲ್ ಕಡಿದ 38 ದಿನ: ಟೊಂಗಾದ ಡಿಜಿಟಲ್ ಕೃಷಿ ಹೇಳುವ ಕತೆ

2022ರ ಜನವರಿ 15, ಶನಿವಾರ ಸಂಜೆ. ದಕ್ಷಿಣ ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ಟೊಂಗಾದಲ್ಲಿ ಭಾನುವಾರ ಅಂಗಡಿ ತೆರೆಯುವ ಹಾಗಿಲ್ಲ, ಹೊಲದಲ್ಲಿ ಕೆಲಸ ಮಾಡುವ ಹಾಗಿಲ್ಲ. ಅಲ್ಲಿನ ಸಂವಿಧಾನದಲ್ಲೇ ಅದನ್ನು ಬರೆದಿಟ್ಟಿದ್ದಾರೆ. ಹಾಗಾಗಿ ಶನಿವಾರವೇ ಗೆಡ್ಡೆ ಅಗೆದು, ಸಂತೆ ಮುಗಿಸಿ, ಮರುದಿನ ನೆಲದೊಳಗಿನ ಒಲೆಯಲ್ಲಿ ಬೇಯಿಸುವುದಕ್ಕೆ ಎಲ್ಲ ಜೋಡಿಸಿಕೊಳ್ಳುವ ಹೊತ್ತು ಅದು. ಸಂಜೆ 5 ಗಂಟೆ ದಾಟಿ ಕಾಲು ಗಂಟೆ ಆಗಿರಬೇಕು. ರಾಜಧಾನಿ ನುಕುಅಲೊಫಾದಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ, ಸಮುದ್ರದೊಳಗಿದ್ದ ಹುಂಗಾ ಟೊಂಗಾ–ಹುಂಗಾ ಹಾಪೈ ಜ್ವಾಲಾಮುಖಿ ಸಿಡಿಯಿತು. ಸದ್ದು ಅಲಾಸ್ಕಾದವರೆಗೆ ಕೇಳಿಸಿತು. ಬೂದಿಯ ಕಂಬ 50 ಕಿಲೋಮೀಟರಿಗೂ ಮೇಲೆ ಎದ್ದಿತು. ಆಮೇಲೆ ಸುನಾಮಿ ಬಂತು.

ರಾತ್ರಿಯಾಗುವಷ್ಟರಲ್ಲಿ ಸದ್ದಿಲ್ಲದೆ ಇನ್ನೊಂದು ಸಂಗತಿಯೂ ನಡೆದುಹೋಗಿತ್ತು. ಟೊಂಗಾವನ್ನು ಫಿಜಿಗೆ, ಅಲ್ಲಿಂದ ಇಡೀ ಲೋಕಕ್ಕೆ ಜೋಡಿಸಿದ್ದ 827 ಕಿಲೋಮೀಟರ್ ಉದ್ದದ ಸಮುದ್ರದಡಿಯ ಇಂಟರ್ನೆಟ್ ಕೇಬಲ್ ತುಂಡಾಗಿತ್ತು. ದೇಶಕ್ಕೆ ಇದ್ದದ್ದು ಅದೊಂದೇ. ಮತ್ತೆ ಸಂಪರ್ಕ ಬಂದದ್ದು ಫೆಬ್ರವರಿ 22ಕ್ಕೆ. ಮಧ್ಯೆ 38 ದಿನ.

ಚಿಕ್ಕ ದ್ವೀಪ ದೇಶಗಳ ಡಿಜಿಟಲ್ ಕೃಷಿ ಎಲ್ಲಿಗೆ ಬಂದಿದೆ ಎಂದು ಕೇಳಿದರೆ, ಎಷ್ಟು ಆ್ಯಪ್ ಇವೆ, ಎಷ್ಟು ಡ್ರೋನ್ ಹಾರುತ್ತಿವೆ ಎಂದು ಎಣಿಸುವವರೇ ಜಾಸ್ತಿ. ನನಗೆ ಈ 38 ದಿನವೇ ಅದಕ್ಕಿಂತ ಒಳ್ಳೆಯ ಅಳತೆಗೋಲು ಅನ್ನಿಸುತ್ತದೆ. ಒಂದು ವಸ್ತು ಯಾರಿಗೆ ಎಷ್ಟು ಬೇಕಿತ್ತು ಅನ್ನೋದು ಅದು ಇಲ್ಲದಾದಾಗ ತಾನೇ ಗೊತ್ತಾಗೋದು?

ಮೊದಲು ಜಮೀನಿನ ಕತೆ

ಟೊಂಗಾದಲ್ಲಿ 170ಕ್ಕೂ ಹೆಚ್ಚು ದ್ವೀಪಗಳಿವೆ. ಜನ ಇರುವುದು ಸುಮಾರು 36ರಲ್ಲಿ. ಎಲ್ಲ ಸೇರಿಸಿದರೂ ನೆಲ 750 ಚದರ ಕಿಲೋಮೀಟರ್, ಹೆಚ್ಚುಕಮ್ಮಿ ಬೆಂಗಳೂರು ನಗರದಷ್ಟು. ಜನಸಂಖ್ಯೆ ಸುಮಾರು 1 ಲಕ್ಷ. ಅದರಲ್ಲಿ ಹೆಚ್ಚಿನವರು ಟೊಂಗಾಟಾಪು ಎಂಬ ಒಂದೇ ದ್ವೀಪದಲ್ಲಿದ್ದಾರೆ. ಉತ್ತರಕ್ಕೆ ಹಾಪೈ, ಇನ್ನೂ ಮೇಲೆ ವವಾವು.

ಅಲ್ಲಿ ಜಮೀನು ಮಾರುವ ಹಾಗಿಲ್ಲ. 16 ವರ್ಷ ತುಂಬಿದ ಪ್ರತಿ ಗಂಡಿಗೂ ಎಂಟೂಕಾಲು ಎಕರೆ ಹೊಲ ಕೊಡಬೇಕು ಅನ್ನುವುದು 19ನೇ ಶತಮಾನದಲ್ಲಿ ದೊರೆ ಒಂದನೇ ಜಾರ್ಜ್ ಟುಪೋ ಶುರುಮಾಡಿದ ಪದ್ಧತಿ. ಈಗ ಎಲ್ಲರಿಗೂ ಕೊಡುವಷ್ಟು ನೆಲ ಉಳಿದಿಲ್ಲ, ಕಾನೂನು ಮಾತ್ರ ಹಾಗೇ ಇದೆ. ಹೊಲದಲ್ಲಿ ತೆಂಗಿನ ಮರಗಳ ನಡುವೆ ಹೆಗ್ಗೆಣಸು, ಕೆಸುವಿನ ಗೆಡ್ಡೆ, ಮರಗೆಣಸು, ಸಿಹಿಗೆಣಸು ಬೆಳೆಯುತ್ತಾರೆ. ಜೊತೆಗೆ ಕಾವಾ ಇದೆ. ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಕುಲದ್ದೇ ಗಿಡ ಅದು. ಅದರ ಬೇರನ್ನು ಪುಡಿಮಾಡಿ ನೀರಲ್ಲಿ ಕಲಸಿ ಕುಡಿಯುತ್ತಾರೆ. ವವಾವುದಲ್ಲಿ ವೆನಿಲ್ಲಾ ಇದೆ. 1980ರ ದಶಕದ ಕೊನೆಯಿಂದ ಜಪಾನಿಗೆಂದೇ ಬೆಳೆಯುವ ಗಟ್ಟಿ ತಿರುಳಿನ ಚಿಕ್ಕ ಕುಂಬಳವೂ ಸೇರಿಕೊಂಡಿತು.

ಇಂಥ ಹೊಲಕ್ಕೆ ಡ್ರೋನ್ ತಂದು ಏನು ಮಾಡುವುದು? ಒಂದೇ ತುಂಡಿನಲ್ಲಿ ನಾಲ್ಕೈದು ಬೆಳೆ, ಮೇಲೆ ತೆಂಗಿನ ಗರಿಗಳ ನೆರಳು. ಎಂಟು ಎಕರೆಯ ರೈತ ಒಂದು ಸುತ್ತು ನಡೆದು ಬಂದರೆ ಎಲ್ಲ ಗೊತ್ತಾಗುತ್ತದೆ. ಅಲ್ಲಿನ ಹಳೇ ಪಂಚಾಂಗವೇ ಹೆಗ್ಗೆಣಸು ನೆಟ್ಟು ಕೀಳುವ ಲೆಕ್ಕದ ಮೇಲೆ ನಿಂತಿತ್ತು. ಯಾವಾಗ ನೆಡಬೇಕು ಅಂತ ಆ ಜನಕ್ಕೆ ಆ್ಯಪ್ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಡಿಜಿಟಲ್ ಅನ್ನೋದು ಎಲ್ಲಿತ್ತು?

ದುಡ್ಡಿನಲ್ಲಿತ್ತು. ನನಗೆ ಕಾಣುವ ಉತ್ತರ ಇದು.

ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಟೊಂಗಾದ ಜಿಡಿಪಿಯ ಶೇ 40ರ ಆಸುಪಾಸು ಬರುತ್ತದೆ. ಇಷ್ಟು ದೊಡ್ಡ ಪಾಲು ಇರುವ ದೇಶ ಲೋಕದಲ್ಲೇ ಕಡಿಮೆ. ಆಕ್ಲೆಂಡ್, ಸಿಡ್ನಿ, ಅಮೆರಿಕದ ಯೂಟಾ ಕಡೆಗಳಲ್ಲಿ ನೆಲೆಸಿದ ಟೊಂಗನ್ನರು ಒಂದು ಕಡೆ. 2007ರಲ್ಲಿ ನ್ಯೂಜಿಲೆಂಡ್ ಶುರುಮಾಡಿದ ಹಂಗಾಮಿನ ಕೂಲಿ ಯೋಜನೆಯಲ್ಲಿ ಸೇಬು ಕೀಳುವುದಕ್ಕೆ, ದ್ರಾಕ್ಷಿ ಬಳ್ಳಿ ಸವರುವುದಕ್ಕೆ ಹೋಗಿಬರುವವರು ಇನ್ನೊಂದು ಕಡೆ. ಆಸ್ಟ್ರೇಲಿಯಾದಲ್ಲೂ ಅಂಥದ್ದೇ ಯೋಜನೆ ಇದೆ.

ಈ ದುಡ್ಡು ಹೊಲಕ್ಕೆ ಹೇಗೆ ಬರುತ್ತದೆ ನೋಡಿ. ಮಗ ನ್ಯೂಜಿಲೆಂಡಿನ ಹಾಕ್ಸ್ ಬೇಯ ಸೇಬಿನ ತೋಟದಲ್ಲಿದ್ದಾನೆ ಅಂದುಕೊಳ್ಳಿ. ಅಪ್ಪನಿಗೆ ಹೊಲ ಉಳುಮೆ ಮಾಡಿಸಬೇಕು. ಟ್ರ್ಯಾಕ್ಟರ್ ಬಾಡಿಗೆಗೆ ಬರುತ್ತದೆ, ಮಾಲೀಕ ಕೈಯಲ್ಲಿ ಕಾಸು ಬಂದ ಮೇಲೇ ನೇಗಿಲು ಇಳಿಸುತ್ತಾನೆ. ಅಪ್ಪ ಮೆಸೆಂಜರಿನಲ್ಲಿ ಮಗನಿಗೆ ಕರೆ ಮಾಡುತ್ತಾನೆ. ಮಗ ಸಂಜೆ ಕೆಲಸ ಮುಗಿಸಿ ಫೋನಿನಲ್ಲೇ ಹಣ ಹಾಕುತ್ತಾನೆ. ಅಪ್ಪ ಪಟ್ಟಣಕ್ಕೆ ಹೋಗಿ ಬಿಡಿಸಿಕೊಳ್ಳುತ್ತಾನೆ. ಟ್ರ್ಯಾಕ್ಟರ್ ಬರುತ್ತದೆ. 2017ರಲ್ಲಿ ಟೊಂಗಾ ಡೆವಲಪ್‌ಮೆಂಟ್ ಬ್ಯಾಂಕ್ 'ಅವೆ ಪಾಂಗಾ ಪಾವು' ಅನ್ನುವ ಆನ್‌ಲೈನ್ ಸೇವೆ ತಂದಿತು. ವಿಶ್ವಬ್ಯಾಂಕ್ ಗುಂಪಿನ ನೆರವಿತ್ತು. ಹೆಸರಿನ ಅರ್ಥ ಹೆಚ್ಚುಕಮ್ಮಿ 'ದುಡ್ಡು ಖಂಡಿತ ತಲುಪಿಸು' ಅಂತ. ಪಾಂಗಾ ಅಲ್ಲಿನ ನಾಣ್ಯ. ಹಣ ಕಳಿಸುವ ಕಂಪನಿಗಳು ಹಿಡಿದುಕೊಳ್ಳುವ ಕಮಿಷನ್ ಕಡಿಮೆ ಮಾಡಬೇಕು ಅನ್ನೋದು ಉದ್ದೇಶ.

ಇದನ್ನು ಯಾರೂ ಕೃಷಿ ತಂತ್ರಜ್ಞಾನದ ಪಟ್ಟಿಗೆ ಸೇರಿಸುವುದಿಲ್ಲ, ಬ್ಯಾಂಕಿಂಗ್ ಖಾತೆಗೆ ಬರೆಯುತ್ತಾರೆ. ಆದರೆ ಹೊಲದ ಬದುವಿನಲ್ಲಿ ನಿಂತು ನೋಡಿದರೆ ಆ ದೇಶದ ಅತಿ ದೊಡ್ಡ ಡಿಜಿಟಲ್ ಕೃಷಿ ಸಲಕರಣೆ ಇದೇ.

ಉಳಿದದ್ದೆಲ್ಲ ಚಿಕ್ಕದು, ಆದರೆ ಉಪಯೋಗದ್ದು. ಫೇಸ್‌ಬುಕ್ಕಿನಲ್ಲಿ ಕಾವಾ, ಗೆಡ್ಡೆ, ಹಂದಿಮರಿ ಮಾರುವುದು. ಕುಂಬಳದ ರಫ್ತುದಾರ ಫೋನ್ ಮಾಡಿ ಯಾವ ದಿನ ಕೊಯ್ಯಬೇಕು ಅಂತ ಹೇಳುವುದು. ಹವಾಮಾನ ಇಲಾಖೆಯ ಚಂಡಮಾರುತದ ಎಚ್ಚರಿಕೆ. ಸರ್ಕಾರದ ಕಡೆಯಿಂದ ಗಣತಿ. ಸ್ಫೋಟಕ್ಕೆ ಒಂದೂವರೆ ತಿಂಗಳ ಹಿಂದಷ್ಟೇ, 2021ರ ನವೆಂಬರ್ ಕೊನೆಯಲ್ಲಿ, ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋಗಿ ಜನಗಣತಿ ಶುರುಮಾಡಿದ್ದರು. ಅದೃಷ್ಟ ಅಂದರೆ ಇದು.

ಇದು ಮೊದಲ ಸಲವೂ ಅಲ್ಲ

ಕೇಬಲ್ ಶುರುವಾದದ್ದು 2013ರಲ್ಲಿ. ಅದಕ್ಕೂ ಮೊದಲು ಎಲ್ಲ ಉಪಗ್ರಹದ ಮೇಲೆ, ದುಬಾರಿ, ನಿಧಾನ. ಕೇಬಲ್ ಬಂದ ಮೇಲೆ ಬೆಲೆ ಇಳಿಯಿತು, ವೇಗ ಏರಿತು. 2018ರಲ್ಲಿ ಹಾಪೈ, ವವಾವುಗಳಿಗೂ ಒಳನಾಡಿನ ಕೇಬಲ್ ಎಳೆದರು. ಜನ ಉಪಗ್ರಹವನ್ನು ಮರೆತರು. ಯಾರು ಮರೆಯಲ್ಲ ಹೇಳಿ, ನಲ್ಲಿ ನೀರು ಬಂದ ಮೇಲೆ ಬಾವಿಗೆ ಹಗ್ಗ ಯಾರು ಕಟ್ಟಿಡುತ್ತಾರೆ?

2019ರ ಜನವರಿಯಲ್ಲಿ ಹಡಗೊಂದರ ಲಂಗರು ಸಿಕ್ಕಿಕೊಂಡು ಕೇಬಲ್ ಕಡಿಯಿತು. ಸುಮಾರು ಹನ್ನೆರಡು ದಿನ ದೇಶ ಕತ್ತಲಲ್ಲಿ. ಆಗಲೇ ಪಾಠ ಕಲಿತು, ಅದೇ ವರ್ಷ ಸಿಂಗಪುರದ ಒಂದು ಉಪಗ್ರಹ ಕಂಪನಿಯ ಜೊತೆ ಸರ್ಕಾರ 15 ವರ್ಷದ ಒಪ್ಪಂದ ಮಾಡಿಕೊಂಡಿತು. ದೂರದ ದ್ವೀಪಗಳಿಗೂ ಸಂಪರ್ಕ, ಕೇಬಲ್ ಕೈಕೊಟ್ಟರೆ ಆಸರೆ. ಆಮೇಲೆ ಒಪ್ಪಂದದ ಮಾತಿನಲ್ಲಿ ತಕರಾರು ಎದ್ದಿತು. 2022ರಲ್ಲಿ ಜ್ವಾಲಾಮುಖಿ ಸಿಡಿದಾಗ ಆ ವ್ಯವಸ್ಥೆ ಬಳಕೆಯಲ್ಲಿ ಇರಲಿಲ್ಲ. ಯಾರ ತಪ್ಪು ಅನ್ನುವುದಕ್ಕೆ ಇಲ್ಲಿ ಹೋಗುವುದಿಲ್ಲ. ಆಪತ್ತಿಗೆಂದು ಇಟ್ಟುಕೊಂಡದ್ದು ಆಪತ್ತಿನ ದಿನ ಕಾಗದದ ಮೇಲಷ್ಟೇ ಇತ್ತು.

ಬೂದಿ ಬಿದ್ದ ಮೇಲೆ

ಟೊಂಗಾಟಾಪು ತುಂಬ ಸುಮಾರು 2 ಸೆಂಟಿಮೀಟರ್ ಬೂದಿ ಕೂತಿತ್ತು. ಓದುವಾಗ ಕಡಿಮೆ ಅನ್ನಿಸುತ್ತದೆ. ಎಲೆಯ ಮೇಲೆ ಕೂತರೆ ಕಡಿಮೆಯಲ್ಲ. ಬೂದಿಯ ಜೊತೆ ಹುಳಿಯ ಅಂಶವೂ ಉಪ್ಪೂ ಇರುತ್ತವೆ. ಎಲೆ ಸುಟ್ಟಂತಾಗಿ ಮುದುರುತ್ತದೆ. ಸೊಪ್ಪು, ತರಕಾರಿ, ಹಣ್ಣು ಮೊದಲು ಹೋದವು. ಪಶ್ಚಿಮ ತೀರದ ಹೊಲಗಳಿಗೆ ಸಮುದ್ರದ ನೀರು ನುಗ್ಗಿತು. ಕುಡಿಯುವ ನೀರಿಗೆ ಅಲ್ಲಿನವರು ಚಾವಣಿಯಿಂದ ತೊಟ್ಟಿಗೆ ಇಳಿಯುವ ಮಳೆನೀರನ್ನೇ ನಂಬಿದ್ದಾರೆ. ಆ ಚಾವಣಿಯ ಮೇಲೆಲ್ಲ ಬೂದಿ.

ವಿಚಿತ್ರ ಏನೆಂದರೆ, ಟೊಂಗಾಟಾಪುವಿನ ಮಣ್ಣು ಅಷ್ಟು ಫಲವತ್ತಾಗಿರುವುದಕ್ಕೆ ಕಾರಣವೂ ಇಂಥ ಬೂದಿಯೇ. ಹವಳದ ಸುಣ್ಣಕಲ್ಲಿನ ಮೇಲೆ ಸಾವಿರಾರು ವರ್ಷ ಬೂದಿ ಬಿದ್ದೂ ಬಿದ್ದೂ ಆದ ನೆಲ ಅದು. ಆದರೆ ಸಾವಿರ ವರ್ಷದ ಲೆಕ್ಕ ಈ ವಾರದ ಊಟಕ್ಕೆ ಬರಲ್ಲ ಅಲ್ವಾ?

ಗೆಡ್ಡೆಗಳು ಉಳಿದವು. ಮಣ್ಣಿನ ಕೆಳಗಿದ್ದ ಮರಗೆಣಸು, ಕೆಸು, ಹೆಗ್ಗೆಣಸು ಅಲ್ಲೇ ಇದ್ದವು. ಎಲೆ ಸತ್ತರೂ ಅಗೆದು ತಿನ್ನುವುದಕ್ಕೆ ಸಿಕ್ಕವು. ದೇಶದ ಊಟ ಮೂರು ದಿನಕ್ಕೆ ಬತ್ತಿಹೋಗದೆ ಇದ್ದದ್ದಕ್ಕೆ ಈ ಬೆಳೆಗಳೇ ದೊಡ್ಡ ಕಾರಣ.

ಈಗ ಕೇಬಲ್ ಕಡೆ ತಿರುಗೋಣ. ಮೊದಲ ಕೆಲವು ದಿನ ಹೊರಗಿನಿಂದ ಒಂದು ಕರೆಯೂ ಇಲ್ಲ. ಆಕ್ಲೆಂಡಿನ ಟೊಂಗನ್ನರು ಅಪ್ಪ ಅಮ್ಮ ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದೆ ಚರ್ಚುಗಳಲ್ಲಿ ಕೂತಿದ್ದರು. ಜನವರಿ 19ಕ್ಕೆ ಡಿಜಿಸೆಲ್ ಕಂಪನಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಉಪಗ್ರಹ ತಟ್ಟೆಯನ್ನು ಬಳಸಿಕೊಂಡು 2ಜಿ ಸಂಪರ್ಕ ಕೊಟ್ಟಿತು. 2ಜಿ ಅಂದರೆ ಮಾತು, ಚಿಕ್ಕ ಸಂದೇಶ, ಅಷ್ಟೇ. ಸಾಲಿನಲ್ಲಿ ಕಾದು, ಹತ್ತು ಸಲ ಒತ್ತಿ, ಒಂದು ಸಲ ಸಿಗುವ ಕರೆ.

ಆ 2ಜಿ ಬಂದಾಗ ಏನೇನು ಕೆಲಸಕ್ಕೆ ಬಂತು, ಏನೇನು ಬರಲಿಲ್ಲ ಅಂತ ಕೃಷಿಯ ಕಣ್ಣಿನಿಂದ ನೋಡಿ. ಮಾತು ಬಂತು. ಚಿತ್ರ ಬರಲಿಲ್ಲ. ಅಂದರೆ ಮುದುರಿದ ಎಲೆಯ ಫೋಟೊ ತೆಗೆದು 'ಇದನ್ನು ಏನು ಮಾಡಲಿ' ಎಂದು ಕೇಳುವ ಹಾಗಿಲ್ಲ. ಆ್ಯಪ್ ತೆರೆಯಲ್ಲ. ಫೇಸ್‌ಬುಕ್ ಇಲ್ಲ. ಆನ್‌ಲೈನ್ ದುಡ್ಡು ಮೊದಲ ದಿನಗಳಲ್ಲಿ ಇಲ್ಲವೇ ಇಲ್ಲ. ಆಮೇಲೆ ಉಪಗ್ರಹದ ಸಣ್ಣ ಕಿಂಡಿಯಲ್ಲಿ ಬ್ಯಾಂಕಿನ ವ್ಯವಹಾರಕ್ಕೆ ಸ್ವಲ್ಪ ಸ್ವಲ್ಪ ಜಾಗ ಮಾಡಿಕೊಂಡರು. ತರಕಾರಿ ಬೀಜ ಮತ್ತೆ ಕೊಳ್ಳಬೇಕಾದ, ಬೂದಿ ಕೂತ ಹೊಲ ಮತ್ತೆ ಉಳುಮೆ ಮಾಡಿಸಬೇಕಾದ ವಾರಗಳಲ್ಲೇ ದುಡ್ಡಿನ ದಾರಿ ಕಟ್ಟಿಹೋಗಿತ್ತು.

ಇನ್ನೊಂದು ಕಡೆ, ಹೊರಗಿನ ಲೋಕಕ್ಕೆ ಟೊಂಗಾದ ಹೊಲಗಳು ಚೆನ್ನಾಗಿಯೇ ಕಾಣುತ್ತಿದ್ದವು. ಜನವರಿ 17ಕ್ಕೆ ನ್ಯೂಜಿಲೆಂಡಿನ ಓರಿಯನ್ ವಿಮಾನ ಮೇಲೆ ಹಾರಿ ಚಿತ್ರ ತೆಗೆಯಿತು. ವಿಶ್ವಸಂಸ್ಥೆಯ ಉಪಗ್ರಹ ಕೇಂದ್ರ ಯುನೊಸ್ಯಾಟ್ ಬೂದಿ ಬಿದ್ದ, ನೀರು ನುಗ್ಗಿದ ಜಾಗಗಳ ನಕ್ಷೆ ತಯಾರಿಸಿತು. ಎಲ್ಲಿ ಹಸಿರು ಹೋಗಿ ಬೂದು ಬಣ್ಣ ಬಂದಿದೆ ಅನ್ನೋದು ದೂರದ ಕಂಪ್ಯೂಟರುಗಳಲ್ಲಿ ಗೊತ್ತಿತ್ತು. ಹೊಲದ ಒಡೆಯನಿಗೆ ಮಾತ್ರ ಪಕ್ಕದ ದ್ವೀಪದಲ್ಲಿ ಬೀಜದ ಗೆಡ್ಡೆ ಉಳಿದಿದೆಯಾ ಅಂತ ಕೇಳುವ ದಾರಿ ಇರಲಿಲ್ಲ. ಡಿಜಿಟಲ್ ಕೃಷಿಯ ಮಾಹಿತಿ ಯಾವ ಕಡೆಗೆ ಹರಿಯುತ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ನಾನು ನೋಡಿಲ್ಲ.

ಸಾಲದ್ದಕ್ಕೆ ಕೋವಿಡ್. ಅಲ್ಲಿಯವರೆಗೆ ಟೊಂಗಾದೊಳಗೆ ಅದು ಹರಡಿರಲಿಲ್ಲ. ನೆರವಿನ ಹಡಗುಗಳು ಬರುತ್ತಿದ್ದ ಬಂದರಿನ ಇಬ್ಬರು ಕೆಲಸಗಾರರಿಗೆ ಫೆಬ್ರವರಿ ಮೊದಲಲ್ಲಿ ಸೋಂಕು ಕಂಡಿತು. ದೇಶಕ್ಕೆ ಬೀಗ ಬಿತ್ತು. ಈಗ ಕೇಬಲ್ಲೂ ಇಲ್ಲ, ಓಡಾಟವೂ ಇಲ್ಲ.

ಕೇಬಲ್ ರಿಪೇರಿ ಮಾಡಬೇಕಾದ ರಿಲಯನ್ಸ್ ಎಂಬ ಹಡಗು ಆಗ ಪಪುವಾ ನ್ಯೂ ಗಿನಿಯಲ್ಲಿತ್ತು. ಬಂದು ನೋಡಿದರೆ ಕೇಬಲ್ ಒಂದು ಕಡೆ ಕಡಿದಿಲ್ಲ, ತುಂಡು ತುಂಡಾಗಿ ಹೂತುಹೋಗಿದೆ. 80ರಿಂದ 90 ಕಿಲೋಮೀಟರಿನಷ್ಟು ಹೊಸದಾಗಿ ಹಾಕಬೇಕಾಯಿತು. ಹಡಗಿನಲ್ಲಿದ್ದ ಕೇಬಲ್ ಸಾಲದೆ ಬೇರೆಯವರ ದಾಸ್ತಾನಿನಿಂದ ತಂದರು. ಹಾಗೆ ಟೊಂಗಾಟಾಪುವಿಗೆ 38ನೇ ದಿನಕ್ಕೆ ಇಂಟರ್ನೆಟ್ ಬಂತು. ಹಾಪೈ, ವವಾವುಗಳ ಕಡೆಗಿನ ಒಳನಾಡಿನ ಕೇಬಲ್ ಜ್ವಾಲಾಮುಖಿಗೆ ಇನ್ನೂ ಹತ್ತಿರ ಹಾದುಹೋಗಿತ್ತು. ಅದು ಸರಿಯಾಗಲು ಒಂದೂವರೆ ವರ್ಷ ಹಿಡಿಯಿತು.

ಹಾನಿಯ ಲೆಕ್ಕವನ್ನು ವಿಶ್ವಬ್ಯಾಂಕ್ ಮಾಡಿತು: ಸುಮಾರು 9 ಕೋಟಿ ಅಮೆರಿಕನ್ ಡಾಲರ್, ಅಂದರೆ ಜಿಡಿಪಿಯ ಶೇ 18.5. ಅದರಲ್ಲಿ ಕೃಷಿ, ಅರಣ್ಯ, ಮೀನುಗಾರಿಕೆಯ ಪಾಲು ಸುಮಾರು 2 ಕೋಟಿ ಡಾಲರ್.

ಒಂದು ಮಾತು ಇಲ್ಲಿ ಹೇಳಬೇಕು. ಜನವರಿ ಆದದ್ದು ಪುಣ್ಯ. ಜಪಾನಿನ ಕುಂಬಳದ ಹಂಗಾಮು ಅಕ್ಟೋಬರ್, ನವೆಂಬರ್. ಜಪಾನಿನ ಸ್ವಂತ ಬೆಳೆ ಮುಗಿದು, ನ್ಯೂಜಿಲೆಂಡಿನದು ಇನ್ನೂ ಬಾರದ ಚಿಕ್ಕ ಸಂದಿಯಲ್ಲಿ ಟೊಂಗಾದ ಕಾಯಿ ಹೋಗಬೇಕು. ಎರಡು ವಾರ ತಡವಾದರೆ ಬೆಲೆ ಬಿದ್ದುಹೋಗುತ್ತದೆ. ಹಡಗಿನ ಜಾಗ, ಕಾಯಿಯ ಅಳತೆ, ಕೊಯ್ಲಿನ ದಿನ, ಎಲ್ಲ ರಫ್ತುದಾರನ ಫೋನು, ಈಮೇಲಿನ ಮೇಲೆ ನಡೆಯುವ ವ್ಯಾಪಾರ. ಇದೇ ಕೇಬಲ್ ಅಕ್ಟೋಬರಿನಲ್ಲಿ ಕಡಿದಿದ್ದರೆ ಹಾನಿಯ ಲೆಕ್ಕ ಬೇರೆಯೇ ಆಗುತ್ತಿತ್ತು. ರಫ್ತನ್ನು ನಂಬಿದ ರೈತನಿಗೆ ಕೇಬಲ್ ಜೀವ. ಗೆಡ್ಡೆ ಬೆಳೆದು ತಿನ್ನುವ, ಉಳಿದದ್ದನ್ನು ಸಂತೆಗೆ ಒಯ್ಯುವ ರೈತ ಅದಿಲ್ಲದೆಯೂ ಹೇಗೋ ದಿನ ದೂಡುತ್ತಾನೆ. ಎರಡನ್ನೂ ಒಂದೇ 'ಡಿಜಿಟಲ್ ರೈತ' ಎಂಬ ಹೆಸರಿನಡಿ ಹಾಕಿದರೆ ಯೋಜನೆ ದಾರಿ ತಪ್ಪುತ್ತದೆ.

ಗುಡ್ಡೆ ಲೆಕ್ಕ

ಇಷ್ಟು ಹೇಳಿದ ಮೇಲೂ ಕೇಬಲ್ ಒಂದೇ ತೊಡಕು ಅಂದುಕೊಳ್ಳಬೇಡಿ. ನುಕುಅಲೊಫಾದ ತಲಮಾಹು ಮಾರುಕಟ್ಟೆಗೆ ಹೋಗೋಣ. ಸಿಹಿಗೆಣಸು ಗುಡ್ಡೆ ಗುಡ್ಡೆಯಾಗಿ ಮೇಜಿನ ಮೇಲಿದೆ. ಕೆಸುವಿನ ಗೆಡ್ಡೆ ತೆಂಗಿನ ಗರಿಯ ಬುಟ್ಟಿಯಲ್ಲಿ. ಸೊಪ್ಪು ಕಟ್ಟಿನಲ್ಲಿ. ತಕ್ಕಡಿ ಅಪರೂಪ. ಬೆಲೆ ಗುಡ್ಡೆಗೆ ಇಷ್ಟು, ಬುಟ್ಟಿಗೆ ಇಷ್ಟು.

ಗುಡ್ಡೆ ಲೆಕ್ಕದ ಗುಟ್ಟು ಸಂತೆಗೆ ಹೋಗುವವರಿಗೆಲ್ಲ ಗೊತ್ತು. ಮಾಲು ಕಡಿಮೆ ಬಂದ ದಿನ ಬೆಲೆ ಏರಲ್ಲ, ಗುಡ್ಡೆ ಚಿಕ್ಕದಾಗುತ್ತದೆ. ಆ್ಯಪ್‌ನಲ್ಲಿ 'ಇಂದಿನ ದರ' ಹಾಕಿದರೆ ನಿನ್ನೆಯದೇ ಅಂಕಿ ಕಾಣುತ್ತದೆ. ಆದರೆ ಕೊಂಡವಳ ಚೀಲದಲ್ಲಿ ಗೆಣಸು ಕಡಿಮೆ. ನಿಜವಾದ ದರ ಬೇಕಾದರೆ ಯಾರಾದರೂ ತಕ್ಕಡಿ ಹಿಡಿದು ಹೋಗಿ ಪ್ರತಿ ಗುಡ್ಡೆಯನ್ನೂ ತೂಗಬೇಕು. ಬೆಲೆ ಸಮೀಕ್ಷೆ ಮಾಡುವವರಿಗೆ ಇದೇ ದೊಡ್ಡ ಕೆಲಸ. ಸಾಫ್ಟ್‌ವೇರ್ ಬರೆಯುವುದು ಸುಲಭ. ವಾರಕ್ಕೊಮ್ಮೆ ತಕ್ಕಡಿ ಹೊರುವವರಿಗೆ ಸಂಬಳ ಕೊಡುವುದು ಕಷ್ಟ. ಯೋಜನೆಯ ದುಡ್ಡು ಮುಗಿದ ದಿನ ತಕ್ಕಡಿ ಮೂಲೆ ಸೇರುತ್ತದೆ, ದರದ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ.

ರೈತರ ನೋಂದಣಿಯದ್ದೂ ಇಂಥದ್ದೇ ಪಾಡು. ಜಮೀನಿನ ಹಕ್ಕು ಒಬ್ಬ ಗಂಡಿನ ಹೆಸರಲ್ಲಿ. ಅವನು ಆಕ್ಲೆಂಡಿನಲ್ಲಿ ಲಾರಿ ಓಡಿಸುತ್ತಿರಬಹುದು. ಹೊಲ ಮಾಡುವವನು ತಮ್ಮನ ಮಗ. ಹೊಲದ ಬೆಳೆಯಲ್ಲಿ ಪಾಲಿರುವ ಅಕ್ಕ ತಂಗಿಯರು, ಅತ್ತೆಯಂದಿರು ಪಟ್ಟಿಯಲ್ಲೇ ಇಲ್ಲ. ಪಹಣಿಯಲ್ಲಿ ಒಬ್ಬರು, ನೇಗಿಲ ಹಿಂದೆ ಇನ್ನೊಬ್ಬರು ಅನ್ನುವ ಕತೆ ನಮಗೆ ಹೊಸದೇನಲ್ಲ. ಬೂದಿ ಬಿದ್ದಾಗ ಪರಿಹಾರದ ಸಸಿ, ಬೀಜ ಯಾರ ಕೈಗೆ ಕೊಡಬೇಕು? ಕಂಪ್ಯೂಟರಿನಲ್ಲಿರುವ ಹೆಸರಿಗಾ, ಹೊಲದಲ್ಲಿ ನಿಂತವನಿಗಾ? ಮೊರ್ಡಿ ಟೊಂಗಾ ಟ್ರಸ್ಟ್ ಎಂಬ ಸಂಸ್ಥೆ ಹಳ್ಳಿ ಹಳ್ಳಿಗೆ ಸಸಿ ಹಂಚಿತು. ಅದು ಮೊದಲಿನಿಂದಲೂ ಹಳ್ಳಿಯ ಜನರ ಜೊತೆ ಕೂತು ಕೆಲಸ ಮಾಡುತ್ತಿದ್ದ ಸಂಸ್ಥೆ. ಯಾರ ಹೊಲ ಯಾರು ಮಾಡುತ್ತಾರೆ ಅನ್ನೋದು ಪಟ್ಟಿಗಿಂತ ಚೆನ್ನಾಗಿ ಗೊತ್ತಿರುವುದು ಊರವರಿಗೇ ತಾನೇ.

ಹಾಗಂತ ನಾನು ತಂತ್ರಜ್ಞಾನ ಬೇಡ ಅನ್ನುವ ಗುಂಪಿನವನಲ್ಲ. ಹಾನಿಯ ಲೆಕ್ಕ ವಾರಗಳೊಳಗೆ ಸಿಕ್ಕಿದ್ದರಲ್ಲಿ ಉಪಗ್ರಹ ಚಿತ್ರಗಳ ಪಾಲೂ ಇದೆ. ನನ್ನ ತಕರಾರು ಏನೆಂದರೆ, ಟೊಂಗಾದಂಥ ಕಡೆ ಡಿಜಿಟಲ್ ಕೃಷಿಗೆ ದುಡ್ಡು ಹಾಕುವವರು ಮೊದಲು 2ಜಿಯಲ್ಲಿ ನಡೆಯುವುದನ್ನು ಕಟ್ಟಬೇಕು. ಮಾತು, ಸಂದೇಶ, ರೇಡಿಯೊ. ನೆಟ್ ಇಲ್ಲದೆಯೂ ಒಂದು ವಾರ ಕೆಲಸ ಮಾಡಿ, ಸಂಪರ್ಕ ಬಂದ ಮೇಲೆ ಮಾಹಿತಿ ಕಳಿಸುವ, ಫೋನಿನಲ್ಲೇ ತುಂಬುವ ಫಾರಂ. ಹಣ ಬಿಡಿಸಿಕೊಳ್ಳುವುದಕ್ಕೆ ಕೇಬಲ್ ಸತ್ತಾಗಲೂ ಒಂದು ದಾರಿ. ನೋಡುವುದಕ್ಕೆ ಚೆಂದ ಇರಲ್ಲ, ಉದ್ಘಾಟನೆಯ ಫೋಟೊಗೆ ಒದಗಲ್ಲ. ಜನವರಿ 19ರಂದು ಕೆಲಸಕ್ಕೆ ಬರುತ್ತಿತ್ತು.

ವವಾವು, 2024

ಸ್ಫೋಟದ ನಂತರ ಸ್ಪೇಸ್‌ಎಕ್ಸ್ ಕಂಪನಿ 50 ಸ್ಟಾರ್‌ಲಿಂಕ್ ತಟ್ಟೆಗಳನ್ನು ಟೊಂಗಾಗೆ ಉಚಿತವಾಗಿ ಕಳಿಸಿತ್ತು. ಆಮೇಲೆ ಜನ ತಾವೇ ತರಿಸಿಕೊಳ್ಳಲು ಶುರುಮಾಡಿದರು.

2024ರ ಜೂನ್ ಕೊನೆಯಲ್ಲಿ ಭೂಕಂಪವಾಗಿ ವವಾವು ಕಡೆಯ ಒಳನಾಡಿನ ಕೇಬಲ್ ಮತ್ತೆ ಕೆಟ್ಟಿತು. ಈ ಸಲ ಅಂಗಡಿಯವರು, ಆಫೀಸುಗಳವರು ಸ್ಟಾರ್‌ಲಿಂಕ್ ಕಡೆ ತಿರುಗಿದರು. ಜುಲೈನಲ್ಲಿ ಸರ್ಕಾರದ ಆದೇಶ ಬಂತು: ಆ ಕಂಪನಿಗೆ ದೇಶದಲ್ಲಿ ಪರವಾನಗಿ ಇಲ್ಲ, ಸೇವೆ ನಿಲ್ಲಿಸಿ. ಕೇಬಲ್ ಕಡಿದಿರುವಾಗ ಇದ್ದ ಇನ್ನೊಂದು ಎಳೆಯನ್ನೂ ಕಡಿಯುವುದಾ ಅಂತ ಗಲಾಟೆ ಎದ್ದಿತು. ಆಮೇಲೆ ಆರು ತಿಂಗಳ ತಾತ್ಕಾಲಿಕ ಪರವಾನಗಿ ಕೊಟ್ಟರು. ವವಾವುವನ್ನು ಹವಾಯಿಕಿ ಎಂಬ ದೊಡ್ಡ ಕೇಬಲ್ಲಿಗೆ ನೇರ ಜೋಡಿಸಿ, ದೇಶಕ್ಕೆ ಎರಡನೇ ಹೊರದಾರಿ ಮಾಡುವುದಕ್ಕೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದುಡ್ಡು ಕೊಡಲು ಒಪ್ಪಿದವು.

ಸರ್ಕಾರದ ಮಾತಿನಲ್ಲೂ ಅರ್ಥ ಇಲ್ಲದಿಲ್ಲ. ಕೇಬಲ್ ಕಂಪನಿ ಬಹುಪಾಲು ಸರ್ಕಾರದ್ದೇ. ಅದರ ಗಿರಾಕಿಗಳೆಲ್ಲ ಉಪಗ್ರಹದ ಕಡೆ ಹೋದರೆ, ಮುಂದಿನ ಸಲ ಸಮುದ್ರಕ್ಕೆ ಹಡಗು ಕಳಿಸುವ ಖರ್ಚು ಯಾರು ಕೊಡುತ್ತಾರೆ? ವವಾವುದ ವೆನಿಲ್ಲಾ ಬೆಳೆಗಾರನಿಗೆ ಈ ಲೆಕ್ಕ ಬೇಕಿಲ್ಲ. ಹೂವು ಬಿಟ್ಟ ದಿನವೇ ಒಂದೊಂದಾಗಿ ಕೈಯಿಂದ ಪರಾಗ ಮುಟ್ಟಿಸಬೇಕು. ಬೆಳಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬಾಡುತ್ತದೆ. ಆ ಕೆಲಸಕ್ಕೆ ಬರುವ ಆಳುಗಳ ಕೂಲಿ ಸಂಜೆಯೇ ಕೊಡಬೇಕು, ಅದಕ್ಕೆ ಆಕ್ಲೆಂಡಿನಿಂದ ದುಡ್ಡು ಮಧ್ಯಾಹ್ನದೊಳಗೆ ಬಂದಿರಬೇಕು.